ದೊಡ್ಡ ಹೊಟ್ಟೆಯ ಉಪಯೋಗ

ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೇಳಿಕೊಂಡು ಪಕ್ಕದ ಮನೆ ಅಕ್ಕ ಬಂದಾಗ ನಾನು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ನನ್ನವಳು ಅಡುಗೆಮನೆ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು. ಇನ್ನೇನು ಬೇಕು? ಮಜ್ಜಿಗೆಯ ಜೊತೆ ಸುದ್ದಿಯೂ ಹೋಯಿತು, ರಾತ್ರಿಯೊಳಗೆ ಚೆನ್ನಾಗಿ ಹೆಪ್ಪುಗಟ್ಟಿತು. ಕಾಮಿಡಿ ನೋಡಿ ಅತ್ತೆ ಅಂದರೆ ನಂಬುವವರಾರು?

ನಂಬಿ ಸ್ವಾಮಿ, ಅದು ಕಾಮಿಡಿಯೇ. ‘ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್-ಏರ್’ ಅಂತ, ಅಮೆರಿಕದಲ್ಲಿ 1990ರಿಂದ 1996ರವರೆಗೆ ಬಂದದ್ದು. ಫಿಲಡೆಲ್ಫಿಯಾದ ಪುಂಡ ಹುಡುಗ ವಿಲ್. ಅವನನ್ನು ದಾರಿಗೆ ತರಲು ತಾಯಿ ಲಾಸ್ ಏಂಜಲೀಸ್‌ನ ಶ್ರೀಮಂತ ಬಂಧುಗಳ ಮನೆಗೆ ಸಾಗಹಾಕುತ್ತಾಳೆ. ಆ ಮನೆಯ ಯಜಮಾನ ಅಂಕಲ್ ಫಿಲ್. ದೊಡ್ಡಪ್ಪನೋ ಚಿಕ್ಕಪ್ಪನೋ ಇಂಗ್ಲಿಷಿನವರು ಬಿಡಿಸಿ ಹೇಳುವುದಿಲ್ಲ. ಗಾತ್ರ ನೋಡಿದರೆ ದೊಡ್ಡಪ್ಪನೇ. ಜೇಮ್ಸ್ ಏವರಿ ಎಂಬ ಆಜಾನುಬಾಹು ನಟ. ಅವನ ಹೊಟ್ಟೆಯ ಮೇಲೆ ವಿಲ್ ಮಾಡದ ತಮಾಷೆಯಿಲ್ಲ. ನನ್ನ ಹೊಟ್ಟೆಯ ಮೇಲೂ ಮನೆಯಲ್ಲಿ ಇದೇ ಸೇವೆ ನಡೆಯುವುದರಿಂದ ನನಗೆ ಫಿಲ್ ಮೇಲೆ ಮೊದಲಿನಿಂದಲೂ ಒಂದು ಪಕ್ಷಪಾತ.

ನಮ್ಮ ಧಾರಾವಾಹಿಗಳಲ್ಲಿ ಅಳು ಬರುವುದಕ್ಕೆ ಮುಂಚೆ ಗುಡುಗು ಬರುತ್ತದೆ. ಅತ್ತೆಯ ಮುಖ ಮೂರು ಸಲ, ಸೊಸೆಯ ಮುಖ ಮೂರು ಸಲ, ನಡುವೆ ಜಾಹೀರಾತು. ಅಷ್ಟರಲ್ಲಿ ನಮ್ಮ ಕಣ್ಣೀರು ಒಣಗಿ ಕಾಫಿ ಬೆರೆಸಲು ಎದ್ದಿರುತ್ತೇವೆ. ನಗೆಯೊಳಗೆ ದುಃಖ ಸೇರಿಸುವುದು ಸಾರಿಗೆ ಬೆಲ್ಲ ಹಾಕಿದ ಹಾಗೆ: ಹಾಕಿದ್ದು ಗೊತ್ತಾಗಬಾರದು, ಹಾಕದಿದ್ದರೆ ಗೊತ್ತಾಗಬೇಕು. ಕೈಲಾಸಂ ಅವರಿಗೆ ಆ ಹದ ಗೊತ್ತಿತ್ತು. ‘ಟೊಳ್ಳುಗಟ್ಟಿ’ ನಾಟಕದ ಮಾತಿಗೆ ನಗುತ್ತಿದ್ದಂತೆಯೇ ಎದೆ ಸಣ್ಣಗೆ ಚುರುಕ್ ಅನ್ನುತ್ತದೆ.

ಎಲ್ಲಿಗೋ ಹೋದೆ. ನಾನು ಹೇಳುತ್ತಿರುವುದು 1994ರ ಕಂತು. ಹದಿನಾಲ್ಕು ವರ್ಷ ಪತ್ತೆಯಿಲ್ಲದ ವಿಲ್‌ನ ಅಪ್ಪ ಲೂ, ವೃತ್ತಿಯಲ್ಲಿ ಟ್ರಕ್ ಚಾಲಕ, ಏನೂ ಆಗಿಲ್ಲವೆಂಬಂತೆ ನಗುನಗುತ್ತಾ ಬರುತ್ತಾನೆ. ಬೆನ್ ವೆರೀನ್ ಆ ಪಾತ್ರವನ್ನು ಎಷ್ಟು ಚೆಂದ ಮಾಡಿದ್ದಾನೆಂದರೆ ಬಯ್ಯಲೂ ಮನಸ್ಸು ಬರುವುದಿಲ್ಲ. ಮಗನನ್ನು ಜೊತೆಗೆ ಕರೆದೊಯ್ಯುತ್ತೇನೆಂದು ಆಸೆ ಹುಟ್ಟಿಸಿ, ಕೊನೆಗೆ ಕೆಲಸದ ನೆಪ ಹೇಳಿ ಕೈಕೊಡುತ್ತಾನೆ. ಹುಡುಗ ಆಗಲೇ ಚೀಲ ಕಟ್ಟಿಕೊಂಡಾಗಿದೆ. ಬೀಳ್ಕೊಳ್ಳುವಾಗ ಅಪ್ಪ ‘ಮಗನೇ’ ಅನ್ನುತ್ತಾನೆ. ವಿಲ್ ಒಂದು ಕ್ಷಣ ತಡೆದು ಅವನನ್ನು ‘ಲೂ’ ಎಂದು ಹೆಸರು ಹಿಡಿದು ಕರೆಯುತ್ತಾನೆ. ತಂದೆಯ ಹೆಸರನ್ನು ಅರ್ಜಿಯಲ್ಲಿ ಬರೆಯುವಾಗಲೂ ‘ಶ್ರೀ’ ಸೇರಿಸುವ ನನಗೆ ಅದು ಕಪಾಳಕ್ಕೆ ಬಿದ್ದಂತಾಯಿತು.

ಆಮೇಲೆ ವಿಲ್ ತಮಾಷೆ ಶುರುಮಾಡುತ್ತಾನೆ. ತನಗೇನೂ ಬೇಸರವಿಲ್ಲವಂತೆ. ಬಾಸ್ಕೆಟ್‌ಬಾಲ್ ಕಲಿತದ್ದು, ಕಾರು ಓಡಿಸಲು ಕಲಿತದ್ದು, ಗಡ್ಡ ಹೆರೆಯಲು ಕಲಿತದ್ದು, ಎಲ್ಲ ಅಪ್ಪನಿಲ್ಲದೆಯೇ ತಾನೇ, ಎಂದು ಪಟ್ಟಿ ಹೇಳುತ್ತಾ ಹೇಳುತ್ತಾ ದನಿ ಏರುತ್ತದೆ. ಯಾವ ಬಾಯಿಬಡುಕತನಕ್ಕೆ ನಾವು ಅಷ್ಟು ದಿನ ನಕ್ಕಿದ್ದೆವೋ ಅದೇ ಈಗ ಅಳುವಾಗುತ್ತದೆ. ಅಪ್ಪನಿಗೆ ತಾನೇಕೆ ಬೇಡವಾದೆ ಎಂಬ ಪ್ರಶ್ನೆ ಬಂದಾಗ ಫಿಲ್ ಉತ್ತರ ಕೊಡುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಬರಸೆಳೆದು ಅಪ್ಪಿಕೊಳ್ಳುತ್ತಾನೆ. ಕಂತುಗಟ್ಟಲೆ ಗೇಲಿಗೆ ಗುರಿಯಾದ ಆ ಭಾರಿ ದೇಹದಲ್ಲೇ ಹುಡುಗ ಮುಖ ಹುದುಗಿಸುತ್ತಾನೆ. ಬರೆದವರ ಜಾಣತನ ಇರುವುದು ಇಲ್ಲಿ: ಕರುಣರಸಕ್ಕೆಂದು ಹೊಸ ಸರಕೇನೂ ತರಲಿಲ್ಲ, ನಗಿಸಲು ಇಟ್ಟುಕೊಂಡಿದ್ದನ್ನೇ ತಿರುಗಿಸಿಟ್ಟರು.

ಈ ಕೊನೆಯ ದೃಶ್ಯವೊಂದೇ ತುಂಡಾಗಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ. ದಯವಿಟ್ಟು ಅಷ್ಟನ್ನೇ ನೋಡಬೇಡಿ. ಹಿಂದಿನ ನಾಲ್ಕಾರು ಕಂತು ನೋಡಿ, ಫಿಲ್‌ನ ಹೊಟ್ಟೆಗೆ ಮನಸಾರೆ ನಕ್ಕು, ಆಮೇಲೆ ಇದಕ್ಕೆ ಬನ್ನಿ.