ತಾಟಿನ ಕಲೆಕ್ಟರು

ನಮ್ಮ ಜಿಲ್ಲೆಗೆ ಇಬ್ಬರು ಕಲೆಕ್ಟರು. ಒಬ್ಬರು ಬಾಗಲಕೋಟೆಯ ನವನಗರದಲ್ಲಿ ಕೂರುವವರು. ಅವರಿಗೆ ಸರಕಾರಿ ಕಾರುಂಟು, ಆಗಾಗ ವರ್ಗವೂ ಉಂಟು. ಇನ್ನೊಬ್ಬರು ಜಮಖಂಡಿಯಲ್ಲಿ ನಮ್ಮ ಓಣಿಯ ಕಾಕಾ. ಇವರಿಗೆ ಕಾರಿಲ್ಲ, ವರ್ಗವಿಲ್ಲ; ವರ್ಗವಾದರೆ ಐದು ತೆಂಗಿನಕಾಯಿ ಒಡೆಸುತ್ತೇನೆಂಬ ಕಾಕುವಿನ ಹರಕೆ ಮಾತ್ರ ಇದೆ. ಇವರು ಕಲೆಕ್ಟ್ ಮಾಡುವುದು ತಾಟು. ಸ್ಟೀಲಿನದಲ್ಲ, ಹಿತ್ತಾಳೆ ಗಂಗಾಳವೂ ಅಲ್ಲ. ಒಬ್ಬನೇ ಕಲಾವಿದ ತಿಗರಿಯ ಮೇಲೆ ಎತ್ತಿ, ಬಣ್ಣ ಹೊಯ್ದು, ಬೆನ್ನಿಗೆ ಮುದ್ರೆ ಒತ್ತಿ ಸುಟ್ಟ ಹಳೆಯ 'ಸ್ಟುಡಿಯೋ ಪಾಟರಿ' ತಾಟು. ಸ್ಟುಡಿಯೋ ಎಂದೊಡನೆ ಕಾಕು, "ಅದಕ್ಕೂ ಫೋಟೋ ತೆಗಿಸೀರೇನು?" ಎಂದು ಕೇಳಿದ್ದರಂತೆ.

ಸಂಗ್ರಹದ ಪಟ್ಟದರಸಿ ಪುಣೆಯ ಜುನಾ ಬಜಾರಿನಲ್ಲಿ ಸಿಕ್ಕ ಒಂದು ಕಂದು ತಾಟು. ಅದಕ್ಕೆ ಕೊಟ್ಟ ಹಣವನ್ನು ಕಾಕಾ ಮೂವರಿಗೆ ಮೂರು ರೀತಿ ಹೇಳಿದ್ದಾರೆ. ಕಾಕುವಿಗೆ ಹೇಳಿದ್ದು ಎಲ್ಲಕ್ಕಿಂತ ಕಡಿಮೆ. ಮೊಮ್ಮಕ್ಕಳು ರಜೆಗೆ ಬಂದರೆ ತಾಟು ಟ್ರಂಕಿಗೆ ಇಳಿಯುತ್ತದೆ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಎಂಬ ಗಾದೆ ಗೊತ್ತಿದ್ದವರು ಅವರು.

ದರ್ಶನಕ್ಕೊಂದು ಕ್ರಮವಿದೆ. ಉಳಿದವರು ಉಂಡ ಮೇಲೆ ಕೈ ತೊಳೆದರೆ, ಇವರು ತಾಟು ಮುಟ್ಟುವ ಮುಂಚೆ ತೊಳೆಯುತ್ತಾರೆ. ಆಮೇಲೆ ಅದನ್ನು ಬೋರಲು ಹಾಕುತ್ತಾರೆ. "ಉಣ್ಣಾವ ಮುಂದ ನೋಡ್ತಾನ, ತಿಳಿದಾವ ಹಿಂದ ನೋಡ್ತಾನ" ಎಂಬುದು ಅವರದೇ ವಚನ. ತಳದ ಉಂಗುರಕ್ಕೆ ಬಣ್ಣ ಹತ್ತಿರಬಾರದು, ಅಲ್ಲಿ ಬರೀ ಮಣ್ಣು ಕಾಣಬೇಕು. ಬೆರಳಾಡಿಸಿದರೆ ತಿಗರಿ ತಿರುಗಿದ ಸುತ್ತುಗಳು ಕೈಗೆ ಹತ್ತಬೇಕು. ಒಮ್ಮೆ ಬನಹಟ್ಟಿಯಿಂದ ಬಂದಿದ್ದ ನೇಕಾರ ಬೀಗರು ಇದನ್ನೆಲ್ಲ ಕೇಳಿ, "ಹೌದ್ರೀ, ನಾವೂ ಸೀರಿ ಹೊರಳಿಸೇ ನೋಡ್ತೀವಿ. ಆದ್ರ ಆಮ್ಯಾಲ ಉಟ್ಕೋತಾರ" ಎಂದರು. ಕಾಕಾ ಅವರಿಗೆ ಎರಡನೇ ಚಹಾ ಹೇಳಲಿಲ್ಲ.

ಮುಧೋಳದಲ್ಲಿ ನಾಯಿಕುನ್ನಿ ಕೊಳ್ಳುವಾಗ ವಂಶಾವಳಿ ಕೇಳುತ್ತಾರೆ. ಕೇಳಲಿ, 2005ರಲ್ಲಿ ಅಂಚೆಚೀಟಿಯ ಮೇಲೇರಿದ ತಳಿ ಅದು. ಕಾಕಾ ತಾಟಿಗೂ ವಂಶಾವಳಿ ಬರೆದಿದ್ದಾರೆ. ಮೂಲಪುರುಷ ಬರ್ನಾರ್ಡ್ ಲೀಚ್. ಜಪಾನಿನಲ್ಲಿ ವಿದ್ಯೆ ಕಲಿತು, ಗೆಳೆಯ ಶೋಜಿ ಹಮಾಡಾನನ್ನು ಕಟ್ಟಿಕೊಂಡು 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಆವಿಗೆ ಹೂಡಿದವನು. ಜಪಾನಿನಲ್ಲೇ ಕಲಿತುಬಂದ ಗುರುಚರಣ್ ಸಿಂಗ್ ದಿಲ್ಲಿ ಶಾಖೆ. 1971ರಲ್ಲಿ ಪಾಂಡಿಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಕಟ್ಟಿದ ರೇ ಮೀಕರ್, ಡೆಬೋರಾ ಸ್ಮಿತ್ ದಕ್ಷಿಣ ಶಾಖೆ. ಕಾಕಾನ ತಾಟು ಇದರಲ್ಲಿ ಯಾರ ಮನೆಯದು ಎಂಬುದಷ್ಟೇ ಬಾಕಿ. ಬೆನ್ನ ಮೇಲಿನ ಮುದ್ರೆ ಅರ್ಧ ಅಳಿಸಿದೆ. ಕಾಕಾ ಭೂತಗನ್ನಡಿ ಹಿಡಿದು, "ಎಸ್.ಐ. ಕಂಡಂಗ ಆಕ್ಕೈತಿ. ಸೇಂಟ್ ಐವ್ಸ್ ಮುದ್ರಿ ಅದ" ಎಂದರೆ, ಒಳಗಿನಿಂದ ಕಾಕು, "ಕಲೆಕ್ಟರ ಮನ್ಯಾಗ ಎಸ್.ಐ. ಇರಾಕs ಬೇಕಲ್ಲ" ಎನ್ನುತ್ತಾರೆ. ಮುದ್ರೆಯೇ ಅಲ್ಲ, ಬರೀ ಗೀರು ಎಂದು ನೀವು ವಾದಿಸಿದಿರೋ, ಕಾಕಾನ ಕಣ್ಣು ಇನ್ನೂ ಹೊಳೆಯುತ್ತದೆ. ಹಮಾಡಾ ತನ್ನ ಪಾತ್ರೆಗಳಿಗೆ ಹೆಚ್ಚಾಗಿ ಸಹಿ ಹಾಕುತ್ತಿರಲಿಲ್ಲ! ಸಹಿ ಇದ್ದರೆ ಲೀಚ್, ಇಲ್ಲದಿದ್ದರೆ ಹಮಾಡಾ. ಸೋಲುವ ದಾರಿಯನ್ನೇ ಮುಚ್ಚಿಕೊಂಡು ಕೂತವರೊಡನೆ ಏನು ಜಗಳ?

ತಿರುಗಾಟಕ್ಕೂ ಕಡಿಮೆಯಿಲ್ಲ. ಬೀಳಗಿ ಕಡೆ ಒಂದು ಪುನರ್ವಸತಿ ಊರಿಗೆ ಹೋಗಿ, "ಹಳೇ ತಾಟು, ಬರಣಿ ಏನಾರ ಅದಾವೇನವ್ವಾ?" ಎಂದು ಕೇಳಿದರು. ಅಜ್ಜಿ ಆಲಮಟ್ಟಿಯ ಹಿನ್ನೀರಿನ ಕಡೆ ಕೈ ಮಾಡಿ, "ಊರs ಅಲ್ಲಿ ಮುಳಗೇತಿ. ತಾಟಿಂದು ಏನ್ ಕೇಳ್ತಿ?" ಎಂದಳು. ಆ ದಿನ ಕಾಕಾ ಮುಂದಿನ ಮನೆಯ ಬಾಗಿಲು ಬಡಿಯದೆ ಬಸ್ಸು ಹತ್ತಿದರು.

ಕೊನೆಗೆ ತಾಟನ್ನು ಮುಧೋಳ ಸಂತೆಯ ಒಬ್ಬ ಮುದುಕ ಕುಂಬಾರನ ಮುಂದಿಟ್ಟರು. ಪ್ರಾಯದಲ್ಲಿ ಖಾನಾಪುರದ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆಯಲ್ಲಿ ಕಲಿತಿದ್ದವನು. ಗೆಣ್ಣಿನಿಂದ ಒಮ್ಮೆ ತಟ್ಟಿದ; ಗಂಟೆಯಂತೆ ಠಣ್ ಎಂದಿತು. "ಚಂದ ಸುಟ್ಟಾರ" ಎಂದ. ಕಾಕಾ ಉಬ್ಬಿ, 1,200 ಡಿಗ್ರಿ ದಾಟಿದ ಉರಿಯಲ್ಲಿ ಮಣ್ಣು ಕಲ್ಲಾಗುವುದನ್ನೂ ಹನಿ ನೀರು ಹೀರದಿರುವುದನ್ನೂ ವಿವರಿಸಿದರು. ಮುದುಕ ತನ್ನ ಕೊಡ ತೋರಿಸಿ, "ನೀರ ಹೀರದಿದ್ರ ತಂಪ ಹೆಂಗ ಆಕ್ಕೈತ್ರಿ?" ಎಂದ. ಮತ್ತೆ ತಳ ಸವರಿ, "ಇದು ನಮ್ಮ ಖಾನಾಪುರದ್ದs ಇರಬೇಕ್ ನೋಡ್ರಿ" ಎಂದುಬಿಟ್ಟ. ಇಂಗ್ಲೆಂಡಿನ ತಾಟು ಒಂದೇ ಮಾತಿಗೆ ಬೆಳಗಾವಿ ಜಿಲ್ಲೆಗೆ ಬಂದು ಬಿತ್ತು. ಕಾಕಾ ಐದು ನಿಮಿಷ ಮೌನವಾಗಿದ್ದರು. ಆರನೇ ನಿಮಿಷಕ್ಕೆ, "ಹಂಗಾದ್ರ ಇನ್ನೂ ಅಪರೂಪ ಆತು!" ಎಂದರು.

ಹೋದ ಆಷಾಢದ ಮಂಗಳವಾರ ಓಣಿಯ ಹುಡುಗಿಯರು ಪೂಜೆಗೆ ಮಣ್ಣಿನ ಗುಳ್ಳವ್ವನನ್ನು ಕೂರಿಸಿದ್ದರು. ಕಾಕಾ ರೂಢಿಯಂತೆ ಗುಳ್ಳವ್ವನನ್ನೂ ಹೊರಳಿಸಿ ಮುದ್ರೆ ಹುಡುಕಿದರು. ತಳದ ಹಸಿ ಮಣ್ಣಿನಲ್ಲಿದ್ದದ್ದು ಮಾಡಿದವರ ಹೆಬ್ಬೆರಳ ಗುರುತು, ಅಷ್ಟೇ. ಅದನ್ನೇ ಬಹಳ ಹೊತ್ತು ನೋಡಿ, "ಇದನ್ನ ನನ್ನ ಕಪಾಟಿನ್ಯಾಗ ಇಡ್ತೀನಿ" ಎಂದರು. "ಏ ಕಾಕಾ, ಆಕಿನ್ನ ನೀರಿಗೆ ಕಳಸಬೇಕು" ಎಂದು ಒಬ್ಬಳು ಕಸಿದುಕೊಂಡಳು. ನಮ್ಮ ಕಡೆ ಚಂದದ ಮಣ್ಣೆಲ್ಲ ಹೀಗೆ, ಕಳಿಸಿಕೊಡಲೆಂದೇ ಮಾಡಿದ್ದು. ಕಾಕಾ ಒಬ್ಬರೇ ಇಟ್ಟುಕೊಳ್ಳುವವರು.

ನೀವು ಜಮಖಂಡಿಗೆ ಬಂದರೆ ಅವರ ಮನೆಗೆ ಅವಶ್ಯ ಹೋಗಿ. ಕಾಕು ಬಡಿಸುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸ್ಟೀಲಿನ ತಾಟಿನಲ್ಲೇ ಬರುತ್ತದೆ. ಹೊಟ್ಟೆ ತುಂಬ ಉಣ್ಣಿರಿ. ಕಪಾಟಿನ ಕಡೆ ಮಾತ್ರ ಕಣ್ಣು ಹಾಯಿಸಬೇಡಿ. ಹಾಯಿಸಿದರೆ ಕಾಕಾ ಕೈ ತೊಳೆಯಲು ಏಳುತ್ತಾರೆ, ನಿಮ್ಮ ಕೊನೆಯ ಬಸ್ಸು ಹೋಗುತ್ತದೆ.