ದೇವರಿಗೆ ಪಾರ್ಕಿಂಗ್ ಇಲ್ಲ

ಆಕ್ಲೆಂಡಿನ ಒಂದು ಸಮುದಾಯ ಭವನದ ಬುಕಿಂಗ್ ಸಮಿತಿಯವರಿಗೆ,

ಈ ಪತ್ರ ಕನ್ನಡದಲ್ಲಿದೆ, ನಿಮಗೆ ಓದಲಿಕ್ಕೆ ಬರುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಪತ್ರಗಳು ನಿಮ್ಮ ಇನ್‌ಬಾಕ್ಸಿನಲ್ಲಿ ವಾರಗಟ್ಟಲೆ ಬಿದ್ದುಕೊಂಡಿವೆ. ನಿಮಗೆ ಬರುವ ಭಾಷೆಯಲ್ಲಿ ಬರೆದರೂ ನೀವು ಓದುವುದಿಲ್ಲ ಎಂದಾದ ಮೇಲೆ ನನಗೆ ಬರುವ ಭಾಷೆಯಲ್ಲೇ ಬರೆದರೆ ನಷ್ಟ ಎಂತ? ಬೈಯಲಿಕ್ಕೂ ಇದೇ ಅನುಕೂಲ.

ಶನಿವಾರ ಹತ್ತು ಗಂಟೆಗೆ ಬನ್ನಿ, ಭವನ ತೋರಿಸುತ್ತೇವೆ ಎಂದಿರಿ. ಬಂದೆ. ನಿಮ್ಮ ಬೀಗದ ಕೈ ಬಂದದ್ದು ಹನ್ನೊಂದೂವರೆ ಕಳೆದ ಮೇಲೆ. ಅಷ್ಟು ಹೊತ್ತು ಕಾರಿನೊಳಗೆ ಕೂತು ನಿಮ್ಮ ಪಾರ್ಕಿಂಗ್ ಜಾಗವನ್ನು ಚೆನ್ನಾಗಿ ನೋಡಿದೆ. ವಿಶಾಲವಾದ ಜಾಗ. ಬಿಳಿ ಗೆರೆಗಳನ್ನು ಹೊಸದಾಗಿ ಎಳೆಸಿದ್ದೀರಿ. ನನ್ನ ಕಾರು ಬಿಟ್ಟರೆ ಮೂಲೆಯಲ್ಲಿ ಒಂದು ಟ್ರೇಲರ್, ಅದಕ್ಕೂ ಒಂದು ಚಕ್ರ ಇರಲಿಲ್ಲ. ಉಳಿದಂತೆ ಕಡಲಹಕ್ಕಿಗಳು, ಒಂದೊಂದು ಒಂದೊಂದು ಚೌಕದಲ್ಲಿ, ಶಿಸ್ತಾಗಿ. ಬಾಗಿಲ ಮೇಲೆ ಮಂಗಳವಾರದ ಯೋಗ ತರಗತಿಯ ಪೋಸ್ಟರ್: ಪದ್ಮಾಸನ ಹಾಕಿದ ಹೆಂಗಸು, ತಲೆಯ ಮೇಲೆ ನೇರಳೆ ಬಣ್ಣದ ಓಂ. ಸರಿ, ಇಲ್ಲಿ ನಮ್ಮ ಕೆಲಸ ಆದೀತು ಎಂದುಕೊಂಡೆ.

ನಿಮ್ಮ ಸಮಿತಿಯ ಅಮ್ಮ ಬಹಳ ಒಳ್ಳೆಯವರು. ಕೈಜೋಡಿಸಿ ‘ನಮಸ್ತೇ’ ಅಂದರು. ಎಂತ ಕಾರ್ಯಕ್ರಮ ಎಂದು ಕೇಳಿದರು. ಯುಗಾದಿ, ಅದರ ಜೊತೆಗೆ ಒಂದು ಸತ್ಯನಾರಾಯಣ ಪೂಜೆ, ಆಮೇಲೆ ಊಟ ಎಂದೆ. ಪೂಜೆ ಎಂದ ಕೂಡಲೇ ಕೈಯಲ್ಲಿದ್ದ ಪಟ್ಟಿಯ ಇನ್ನೊಂದು ಹಾಳೆ ತಿರುವಿದರು.

“ಪ್ರಾಣಿಗಳು ಇರುತ್ತವೆಯೆ?”

“ಇಲ್ಲಮ್ಮ, ಬಾಳೆಹಣ್ಣು ಇರುತ್ತದೆ.”

“ಬೆಂಕಿ?”

ಜೇಬಿನಿಂದ ಕರ್ಪೂರದ ಡಬ್ಬಿ ತೆಗೆದು ತೋರಿಸಿದೆ. ಒಂದು ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು, ದೂರದಿಂದ ಮೂಸಿ, ವಿಕ್ಸ್ ಇದ್ದ ಹಾಗೆ ಉಂಟಲ್ಲ ಎಂದರು. ಉರಿಸುವ ಹಾಗಿಲ್ಲವಂತೆ. ಹುಟ್ಟುಹಬ್ಬದ ಕ್ಯಾಂಡಲ್? ಅದಕ್ಕೆ ಅಡ್ಡಿಯಿಲ್ಲವಂತೆ. ಎಂಬತ್ತು ತುಂಬಿದ ಅಜ್ಜನ ಕೇಕಿನ ಮೇಲೆ ಎಂಬತ್ತು ಜ್ವಾಲೆ ಹಚ್ಚಿದರೂ ಹೆದರದ ನಿಮ್ಮ ಹೊಗೆ ಗಂಟೆ ನಮ್ಮ ಒಂದು ಬಿಲ್ಲೆ ಕರ್ಪೂರಕ್ಕೆ ಬೊಬ್ಬೆ ಹೊಡೆಯುತ್ತದೆ. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಅಡಿಯಲ್ಲಿ ಒಬ್ಬ ಕ್ಯಾಥೊಲಿಕ್ ಮನುಷ್ಯ ಮದ್ದಿನ ಸಮೇತ ಸಿಕ್ಕಿಬಿದ್ದ ಸಂತೋಷಕ್ಕೆ ಈ ದೇಶದಲ್ಲಿ ನವೆಂಬರ್ 2ರಿಂದ 5ರ ತನಕ ಅಂಗಡಿಗಳಲ್ಲಿ ಪಟಾಕಿ ಮಾರುತ್ತಾರೆ. ದೀಪಾವಳಿ ಅಕ್ಟೋಬರಿನಲ್ಲಿ ಬಂದರೆ ನಾವು ಬಾಯಲ್ಲೇ ಢಂ ಅನ್ನಬೇಕು. ಇರಲಿ, ಕರ್ಪೂರ ಬಿಟ್ಟೆ. ಊದುಬತ್ತಿ ಬಿಟ್ಟೆ. ಬ್ಯಾಟರಿ ದೀಪದಲ್ಲಿ ಆರತಿ ಮಾಡುತ್ತೇವೆ ಎಂದೆ. ಸತ್ಯನಾರಾಯಣ ದೇವರೂ ಹೊಂದಿಕೊಂಡಾರು, ಅವರ ಕಥೆಯಲ್ಲೇ ಸಮುದ್ರ ವ್ಯಾಪಾರ ಉಂಟು, ಹೊರದೇಶದ ಕಷ್ಟ ಗೊತ್ತು.

ಆಗ ಆ ಅಮ್ಮ ಪಟ್ಟಿ ಮಡಚಿದರು. ಸಮಿತಿಗೆ ಯಾವ ಧರ್ಮದ ಬಗ್ಗೆಯೂ ಆಕ್ಷೇಪ ಇಲ್ಲ, ತೊಂದರೆ ಇರುವುದು ಪಾರ್ಕಿಂಗ್‌ದು ಮಾತ್ರ ಎಂದರು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹಕ್ಕಿಗಳು ಹಾಗೆಯೇ ಚೌಕದೊಳಗೆ ನಿಂತಿದ್ದವು.

ಸಮಿತಿಯವರೇ, ನಿಮ್ಮ ದೇಶದಲ್ಲಿ ಇಷ್ಟು ವರ್ಷ ಇದ್ದು ನಾನು ಕಲಿತದ್ದು ಇದು: ಇಲ್ಲಿ ಯಾರಿಗೂ ಯಾರ ದೇವರ ಮೇಲೂ ದ್ವೇಷ ಇಲ್ಲ. ದೇವರ ಭಕ್ತರು ಕಾರು ಎಲ್ಲಿ ನಿಲ್ಲಿಸುತ್ತಾರೆ ಎಂಬ ಚಿಂತೆ ಮಾತ್ರ. 2023ರ ಜನಗಣತಿಯಲ್ಲಿ ನೂರಕ್ಕೆ 51.6 ಮಂದಿ ತಮಗೆ ಧರ್ಮವೇ ಇಲ್ಲ ಎಂದು ಬರೆಸಿದ್ದಾರೆ, ಪಾರ್ಕಿಂಗ್ ಬೇಡ ಎಂದು ಬರೆಸಿದವರು ಒಬ್ಬರೂ ಇರಲಿಕ್ಕಿಲ್ಲ. ಪಕ್ಕದಲ್ಲಿ ಮಸೀದಿಯೋ ದೇವಸ್ಥಾನವೋ ಬರುತ್ತದೆ ಎಂದಾದರೆ ಕೌನ್ಸಿಲ್ಲಿಗೆ ಆಕ್ಷೇಪಣೆ ಬರೆಯಬಹುದು. ಆದರೆ ‘ನನಗೆ ಇವರನ್ನು ಕಂಡರೆ ಆಗುವುದಿಲ್ಲ’ ಎಂದು ಬರೆದರೆ ಅದು ಲೆಕ್ಕಕ್ಕಿಲ್ಲ. ವಾಹನ ದಟ್ಟಣೆ, ಸದ್ದು, ವಾಸನೆ, ಬೀದಿಯ ಚಹರೆ, ಇಂಥದ್ದು ಬರೆದರೆ ಲೆಕ್ಕಕ್ಕುಂಟು. ಹಾಗಾಗಿ ಮನಸ್ಸಿನಲ್ಲಿದ್ದ ಎಲ್ಲವೂ ಕೊನೆಗೆ ಕಾರಿನ ರೂಪ ತಾಳುತ್ತದೆ.

ಕಾರು ಬರುವುದಕ್ಕೆ ಮುಂಚೆಯೂ ನಿಮ್ಮವರು ಖಾಲಿ ಕೂತಿರಲಿಲ್ಲ. ಈ ನೆಲದ್ದೇ ಆದ ನಂಬಿಕೆ ನಿಮಗೆ ಅಪರಿಚಿತವಾಗಿ ಕಂಡಿತು, ಮಾವೊರಿಗಳ ವೈದ್ಯ-ಪುರೋಹಿತರಾದ ತೊಹುಂಗಾಗಳನ್ನು ಹತ್ತಿಕ್ಕಲಿಕ್ಕೆ 1907ರಲ್ಲಿ ಕಾನೂನೇ ಮಾಡಿದಿರಿ. 1962ರ ತನಕ ಅದು ಪುಸ್ತಕದಲ್ಲಿತ್ತು. ಊರೆವೆರಾ ಕಾಡಿನ ಮೌಂಗಾಪೊಹಾಟುವಿನಲ್ಲಿ ತನ್ನ ಜನರಿಗೆ ಒಂದು ಊರನ್ನೇ ಕಟ್ಟಿಕೊಟ್ಟ ಪ್ರವಾದಿ ರುವಾ ಕೆನಾನಾ ಅವರನ್ನು ಹಿಡಿಯಲು 1916ರ ಏಪ್ರಿಲ್ 2ರಂದು ಪೊಲೀಸರು ಬಂದೂಕು ಹಿಡಿದು ಬೆಟ್ಟ ಹತ್ತಿದರು. ರುವಾ ಅವರ ಮಗ ಟೊಕೊ ಸೇರಿ ಇಬ್ಬರು ಸತ್ತರು. ವಾರಂಟಿಗೆ ನೆಪ ಏನು ಗೊತ್ತೆ? ಪ್ರವಾದಿ ಎಂದಲ್ಲ, ಧರ್ಮ ಎಂದೂ ಅಲ್ಲ. ಪರವಾನಗಿ ಇಲ್ಲದೆ ಮದ್ಯ ಮಾರಿದರು ಎಂದು. ಆ ಬೆಟ್ಟದಲ್ಲಿ ಆಗ ಪಾರ್ಕಿಂಗ್ ಇದ್ದಿದ್ದರೆ ಮದ್ಯದ ಅಗತ್ಯವೇ ಬೀಳುತ್ತಿರಲಿಲ್ಲ. 2019ರ ಕೊನೆಗೆ ಪಾರ್ಲಿಮೆಂಟು ಅವರಿಗೆ ಕಾನೂನು ಮಾಡಿ ಕ್ಷಮಾದಾನ ಕೊಟ್ಟಿತು. ತಪ್ಪು ಮಾಡದವರಿಗೆ ಕ್ಷಮೆ ಕೊಡುವುದರಲ್ಲಿ ಸರ್ಕಾರಗಳು ಎಲ್ಲ ಕಡೆಯೂ ಉದಾರಿಗಳೇ.

ನಿಮಗೆ ಹೋಲಿಸಿದರೆ ಬ್ರಯಾನ್ ತಮಾಕಿಯವರ ಡೆಸ್ಟಿನಿ ಚರ್ಚಿನ ನಂಟಿನವರು ವಾಸಿ. 2025ರ ಡಿಸೆಂಬರ್ 20ರಂದು ಆಕ್ಲೆಂಡಿನ ಮನುರೇವಾದಲ್ಲಿ ಸಿಖ್ಖರ ನಗರ ಕೀರ್ತನದ ಮೆರವಣಿಗೆಗೆ ಅಡ್ಡ ನಿಂತು ಮಾವೊರಿಗಳ ಹಾಕಾ ಕುಣಿದರು. ‘ಇದು ನ್ಯೂಜಿಲೆಂಡ್, ಇಂಡಿಯಾ ಅಲ್ಲ’ ಎಂದು ದೊಡ್ಡ ಬ್ಯಾನರಿನಲ್ಲೇ ಬರೆದಿದ್ದರು. ಮುಂದಿನ ಜನವರಿಯಲ್ಲಿ ಟೌರಂಗಾಕ್ಕೂ ಹೋದರು. ಮನಸ್ಸಿನಲ್ಲಿದ್ದದ್ದು ಬಟ್ಟೆಯ ಮೇಲೆ ಇತ್ತು, ಟ್ರಾಫಿಕ್ಕಿನ ಮಾತೇ ಇಲ್ಲ. ಈ ಸಿಖ್ಖರು ಇಲ್ಲಿಗೆ ಬಂದು ನೂರು ವರ್ಷದ ಮೇಲಾಯಿತು, ಹ್ಯಾಮಿಲ್ಟನ್ನಿನ ಟೆ ರಾಪಾದಲ್ಲಿ ಅವರ ಮೊದಲ ಗುರುದ್ವಾರ ಎದ್ದದ್ದು 1977ರಲ್ಲಿ. ಲಾಕ್‌ಡೌನಿನ ಕಾಲದಲ್ಲಿ ಟಾಕಾನಿನಿ ಗುರುದ್ವಾರದವರು ಯಾರ ಜಾತಿ ಮತ ಕೇಳದೆ ಕಾರಿನ ಕಿಟಕಿಗೇ ದಿನಸಿ ಕೊಟ್ಟರಲ್ಲ, ಆಗ ರಸ್ತೆಯುದ್ದಕ್ಕೂ ಕಾರು ನಿಂತಿತ್ತು. ಅವತ್ತು ಒಬ್ಬರಿಗಾದರೂ ಪಾರ್ಕಿಂಗ್ ನೆನಪಾದದ್ದು ನನಗೆ ಕೇಳಿಬರಲಿಲ್ಲ.

ಇಲ್ಲಿಗೆ ಬಂದಾಗ ನನ್ನ ತಮಾಷೆ ನಿಲ್ಲುತ್ತದೆ. 2019ರ ಮಾರ್ಚ್ 15, ಶುಕ್ರವಾರ, ಕ್ರೈಸ್ಟ್‌ಚರ್ಚಿನ ಅಲ್ ನೂರ್ ಮಸೀದಿ, ಲಿನ್‌ವುಡ್‌ನ ಇಸ್ಲಾಮಿಕ್ ಕೇಂದ್ರ. ಗುಂಡಿಗೆ ಬಲಿಯಾದವರು 51 ಜನ. ಅದಕ್ಕೆ ಮೊದಲು ವರ್ಷಗಟ್ಟಲೆ ಇಸ್ಲಾಮಿಕ್ ವಿಮೆನ್ಸ್ ಕೌನ್ಸಿಲ್ಲಿನ ಹೆಂಗಸರು ವೆಲ್ಲಿಂಗ್ಟನ್ನಿನ ಅಧಿಕಾರಿಗಳ ಬಾಗಿಲು ಬಡಿದಿದ್ದರು, ನಮ್ಮ ಮೇಲಿನ ದ್ವೇಷ ಬೆಳೆಯುತ್ತಿದೆ ಎಂದು ಹೇಳಿದ್ದರು. ಅಧಿಕಾರಿಗಳು ಚಹಾ ಕೊಟ್ಟು ಕಳಿಸಿರಬೇಕು. ಭಯೋತ್ಪಾದನೆ ತಡೆಯಬೇಕಾದವರ ಕಣ್ಣು ಬಹುಪಾಲು ಮುಸ್ಲಿಮರ ಕಡೆಗೇ ನೆಟ್ಟಿತ್ತು ಎಂದು 2020ರ ಡಿಸೆಂಬರಿನಲ್ಲಿ ಬಂದ ರಾಯಲ್ ಕಮಿಷನ್ ವರದಿಯೇ ಹೇಳಿತು. 44 ಶಿಫಾರಸು ಮಾಡಿತು. ಇಷ್ಟೆಲ್ಲ ಆದ ಮೇಲೂ 1993ರ ಮಾನವ ಹಕ್ಕು ಕಾಯ್ದೆಯ 61ನೇ ಸೆಕ್ಷನ್ನು ಜನಾಂಗದ ಮೇಲೆ ದ್ವೇಷ ಹಬ್ಬಿಸುವುದನ್ನು ತಡೆಯುತ್ತದೆ, ಧರ್ಮದ ಹೆಸರೇ ಅದರಲ್ಲಿ ಇಲ್ಲ. ಸೇರಿಸುತ್ತೇವೆ ಎಂದರು. ಸೇರಿಸಲಿಲ್ಲ. ಯಾಕೆ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಉತ್ತರ ಬರುವುದಿಲ್ಲ.

ಇನ್ನು ಈ ಪತ್ರವನ್ನು ನಿಜವಾಗಿ ಓದುವವರ ಕಡೆಗೆ ತಿರುಗುತ್ತೇನೆ.

ನಮ್ಮ ವಾಟ್ಸಾಪ್ ಗುಂಪಿನ ಅಡ್ಮಿನ್ ಅಣ್ಣ, ನೀವು ಓದುತ್ತಿದ್ದೀರಿ ಅಂತ ಗೊತ್ತುಂಟು. ಶನಿವಾರ ಮಧ್ಯಾಹ್ನ ಭವನ ಸಿಗಲಿಲ್ಲ ಎಂದು ನಾನು ಬರೆದ ಕೂಡಲೇ ‘ಇದು ಶುದ್ಧ ಹಿಂದೂದ್ವೇಷ, ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಿ’ ಎಂದು ಅಬ್ಬರಿಸಿದಿರಿ. ಒಳ್ಳೆಯದು. ಆದರೆ ನಿಮ್ಮ ಮನೆಯಿಂದ ಎರಡು ಬೀದಿ ಆಚೆ, ಮುಚ್ಚಿದ ಅಂಗಡಿಯಲ್ಲಿ ಮುಸ್ಲಿಮರು ನಮಾಜಿಗೆ ಜಾಗ ಮಾಡುತ್ತಾರೆ ಎಂದು ಗೊತ್ತಾದಾಗ ಕೌನ್ಸಿಲ್ಲಿಗೆ ಆಕ್ಷೇಪಣೆ ಬರೆದದ್ದು ಯಾರು? ‘ನಮ್ಮ ಏರಿಯಾ ನಾವೇ ಕಾಪಾಡಿಕೊಳ್ಳಬೇಕು’ ಎಂದು ಅದರ ಪ್ರತಿಯನ್ನು ಗುಂಪಿಗೆ ಹಾಕಿ, ನೀವೂ ಹೀಗೇ ಬರೆಯಿರಿ ಎಂದು ಕೈಮುಗಿದದ್ದು ಯಾರು? ಅದನ್ನು ನಾನು ಮತ್ತೆ ತೆಗೆದು ಓದಿದೆ. ಶುಕ್ರವಾರ ಮಧ್ಯಾಹ್ನ ಪಾರ್ಕಿಂಗ್ ತೊಂದರೆ. ಮಕ್ಕಳ ಸುರಕ್ಷತೆ. ಮಾರಾಯ್ರೆ, ನಿಮ್ಮ ಇಬ್ಬರು ಮಕ್ಕಳೂ ಸಿಡ್ನಿಯಲ್ಲಿ ಬ್ಯಾಂಕಿನಲ್ಲಿದ್ದಾರೆ. ನಿಮ್ಮ ಮನೆಯಲ್ಲಿ ಇರುವುದು ಇಬ್ಬರು, ಕಾರು ನಾಲ್ಕು, ಅದರಲ್ಲಿ ಒಂದು ರಸ್ತೆ ಬದಿಯ ಹುಲ್ಲಿನ ಮೇಲೆ, ಇನ್ನೊಂದು ಪಕ್ಕದ ಮನೆಯವರ ಗೇಟಿಗೆ ಅರ್ಧ ಅಡ್ಡ.

ಮನುರೇವಾದ ಗಲಾಟೆಯ ದಿನ ನೀವು ಬರೆದದ್ದೂ ಉಂಟು. ‘ನಾವು ಸಿಖ್ಖರಲ್ಲ, ಬೇರೆಯವರು ಎಂದು ಇವರಿಗೆ ತಿಳಿಸಿ ಹೇಳಬೇಕು.’ ಬ್ಯಾನರಿನಲ್ಲಿ ಇಂಡಿಯಾ ಎಂದು ಬರೆದಿತ್ತು ಅಣ್ಣ, ಅದಕ್ಕೆ ಅಡಿಟಿಪ್ಪಣಿ ಇರಲಿಲ್ಲ.

2022ರ ಮಾರ್ಚ್ 15 ನೆನಪುಂಟಾ? ಇಲ್ಲಿ ಕ್ರೈಸ್ಟ್‌ಚರ್ಚಿಗೆ ಮೂರು ವರ್ಷ ತುಂಬಿದ ದಿನ. ಬೆಳಿಗ್ಗೆ ನೀವು ಗುಂಪಿನಲ್ಲಿ ಒಂದು ಮೇಣದ ಬತ್ತಿ ಹಾಕಿದಿರಿ. ಅದೇ ದಿನ ಬೆಂಗಳೂರಿನಲ್ಲಿ ಹೈಕೋರ್ಟು, ಉಡುಪಿಯ ಹುಡುಗಿಯರ ಅರ್ಜಿ ತಳ್ಳಿಹಾಕಿ, ತರಗತಿಯಲ್ಲಿ ಹಿಜಾಬ್ ಹಾಕಬಾರದೆಂಬ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಸಂಜೆ ನೀವು ಗುಂಪಿನಲ್ಲಿ ಪಟಾಕಿ ಹಾಕಿದಿರಿ. ಮೇಣದ ಬತ್ತಿಗೂ ಪಟಾಕಿಗೂ ನಡುವೆ ಇದ್ದದ್ದು ಒಂದು ಉಪ್ಪಿಟ್ಟಿನ ಫೋಟೊ ಮಾತ್ರ.

ನಾನು ಮೂಲ್ಕಿಯವನು. ಬಪ್ಪನಾಡಿನ ಡೋಲು ಕೇಳಿ ಬೆಳೆದವನು. ಶಾಂಭವಿ ನದಿಯಲ್ಲಿ ಹಡಗು ತಡೆದು ನಿಂತು, ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಗೆ ದುರ್ಗಾಪರಮೇಶ್ವರಿ ಒಲಿದು, ಅವನೇ ಗುಡಿ ಕಟ್ಟಿಸಿದ ಎನ್ನುವುದು ನಮ್ಮೂರಿನ ಕಥೆ. ಬಪ್ಪನಾಡಿನ ಹೆಸರಿನಲ್ಲೇ ಅವನಿದ್ದಾನೆ. ಆ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದದ ಮರ್ಯಾದೆ ಇವತ್ತಿಗೂ ಸಲ್ಲುತ್ತದೆ. ಹಿಜಾಬಿನ ತೀರ್ಪು ಬಂದ ಅದೇ ಮಾರ್ಚ್ ತಿಂಗಳಲ್ಲಿ ಆ ಬಪ್ಪನಾಡಿನ ಜಾತ್ರೆಗೇ ಮುಸ್ಲಿಂ ವ್ಯಾಪಾರಿಗಳು ಬರಬಾರದು ಎಂದು ಬ್ಯಾನರ್ ಬಿತ್ತು. ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ ಅವರಿಗೆ ಅಂಗಡಿ ಇಡಲು ಜಾಗ ಕೊಡಲಿಲ್ಲ. ಬಳೆ, ಬಲೂನು, ಕಲ್ಲಂಗಡಿ ಮಾರುವವರು. ಕೇಳಿದರೆ, ಹಾಗೆ ಕೊಡಬಾರದೆಂಬ 2002ರ ನಿಯಮ ಉಂಟು ಎಂದು ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಅಲ್ಲಿ ನಿಯಮ, ಇಲ್ಲಿ ಪಾರ್ಕಿಂಗ್. ಬಪ್ಪನಾಡಿನ ಬ್ಯಾನರಿನ ಫೋಟೊಗೆ ಗುಂಪಿನಲ್ಲಿ ಮೊದಲ ಹೆಬ್ಬೆರಳು ನಿಮ್ಮದೇ. ಮನುರೇವಾದ ಬ್ಯಾನರಿಗೆ ಮೊದಲ ಕೆಂಪು ಮುಖವೂ ನಿಮ್ಮದೇ.

ಬ್ಯಾನರ್ ಬರೆಯುವವನಿಗೆ ಎರಡೂ ಕಡೆ ಒಂದೇ ರೇಟು ಅಣ್ಣ. ಜಾಗದ ಹೆಸರು ಮಾತ್ರ ಬದಲಿಸಿ ಬರೆದುಕೊಡುತ್ತಾನೆ.

ಹಾಗಾಗಿ ಎರಡೂ ಕಡೆಯವರಿಗೆ ಒಟ್ಟಿಗೇ ಹೇಳಿಬಿಡುತ್ತೇನೆ, ಎರಡೆರಡು ಸಲ ಬರೆಯಲು ನನಗೆ ಪುರುಸೊತ್ತಿಲ್ಲ, ಹೋಳಿಗೆಗೆ ಕಡಲೆಬೇಳೆ ಇನ್ನೂ ತರಬೇಕು.

ಸಮಿತಿಯವರೇ, ಮುಂಗಡವಾಗಿ ಕಟ್ಟಿಸಿಕೊಂಡ ಠೇವಣಿ ವಾಪಸ್ ಹಾಕಿ. ಅದನ್ನು ಪಡೆದುಕೊಳ್ಳುವಾಗ ಪಾರ್ಕಿಂಗ್ ಇತ್ತು, ಹಿಂದಿರುಗಿಸುವಾಗಲೂ ಇರಲಿ. ಯೋಗದ ಪೋಸ್ಟರಿನ ಓಂ ತಲೆಕೆಳಗಾಗಿ ಅಂಟಿಸಿದ್ದೀರಿ, ಪುರುಸೊತ್ತಾದಾಗ ನೇರ ಮಾಡಿ.

ಅಡ್ಮಿನ್ ಅಣ್ಣ, ಆಕ್ಷೇಪಣೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಕೌನ್ಸಿಲ್ಲಿಗೆ ಒಂದು ಸಾಲಿನ ಈಮೇಲ್ ಕಳಿಸಿ. ನಿಮ್ಮ ಮಾತು ಕೇಳಿ ಅದೇ ಒಕ್ಕಣೆಯಲ್ಲಿ ಬರೆದ ಉಳಿದವರೂ ಕಳಿಸಲಿ. ನಕಲು ಮಾಡಲು ಬಂದವರಿಗೆ ವಾಪಸ್ ತೆಗೆಯಲೂ ಬರುತ್ತದೆ. ಅದರ ಪ್ರತಿ ಗುಂಪಿನಲ್ಲಿ ಕಾಣುವವರೆಗೆ ಮಾನವ ಹಕ್ಕಿನ ದೂರಿಗೆ ನನ್ನ ಸಹಿ ಇಲ್ಲ. ಪ್ರಸಾದ ಹಂಚುವ ಕೆಲಸವೂ ಈ ಸಲ ನಿಮಗಿಲ್ಲ, ಎಲೆ ಎತ್ತುವ ಕೆಲಸ ಉಂಟು.

ಇಂತಿ,
ಠೇವಣಿ ಕಳೆದುಕೊಂಡ ಖಜಾಂಚಿ

ವಿ.ಸೂ.: ಪೂಜೆ ನಮ್ಮ ಮನೆಯ ಗ್ಯಾರೇಜಿನಲ್ಲಿ. ಕರ್ಪೂರ ಉರಿಸುತ್ತೇವೆ, ಶಟರ್ ತೆರೆದಿಡುತ್ತೇವೆ. ಎಲ್ಲರೂ ಸಂಸಾರ ಸಮೇತ ಬರಬೇಕು. ಅಡ್ಮಿನ್ ಅಣ್ಣ ಬಸ್ಸಿನಲ್ಲಿ ಬರಬೇಕು.