ಹೋಳಿಗೆಯ ಅಂತರ್ಜಾತೀಯ ಹಂಚಿಕೆ: ನಾಲ್ಕು ತಾಲ್ಲೂಕುಗಳ ಒಂದು ಅಪ್ರೌಢ ಪ್ರಬಂಧ

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಸವುಳು ನೀರಿನ ಡೋಣಿ. ಇದು ಪ್ರಸ್ತುತ ಪ್ರಬಂಧದ ವ್ಯಾಪ್ತಿ. ಈ ಎಲ್ಲೆಯೊಳಗಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲು ಬಲವಾದ ಶಾಸ್ತ್ರೀಯ ಕಾರಣವಿದೆ: ನಾಲ್ಕರಲ್ಲೂ ಪ್ರಬಂಧಕಾರನಿಗೆ ಬೀಗರಿದ್ದಾರೆ, ಊಟದ ಖರ್ಚಿಲ್ಲ. ಕೆಲಸ ಶುರುವಾದಾಗ ಇವು ನಾಲ್ಕೇ ಇದ್ದವು. ಟಿಪ್ಪಣಿ ತಿದ್ದುವಷ್ಟರಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಪಾಲು ತಗೊಂಡು ಬೇರೆ ಒಲೆ ಹೂಡಿದವು. ಆದರೂ ಹಳೆಯ ನಕ್ಷೆಯನ್ನೇ ಉಳಿಸಿಕೊಳ್ಳಲಾಗಿದೆ. ಎತ್ತುಗಳ ಕಡೆಯಿಂದ ಆಕ್ಷೇಪ ಬಂದಿಲ್ಲ.

ಸಂಶೋಧನೆಯ ಸಮಸ್ಯೆ ಹೀಗಿದೆ. ಬೆಂಗಳೂರಿನಲ್ಲಿ ಹಬ್ಬದ ರಜೆ ಬಂತೆಂದರೆ ಸಾಕಿದವರ ಮುಂದೆ ಒಂದು ಪ್ರಶ್ನೆ ಏಳುತ್ತದೆ: ನಾವು ಊರಿಗೆ ಹೋದರೆ ನಾಯಿಯನ್ನು ಎಲ್ಲಿ ಬಿಡುವುದು? ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಶ್ನೆ ತಲೆಕೆಳಗಾಗಿದೆ. ಇಲ್ಲಿ ಹಬ್ಬ ಪ್ರಾಣಿಯದು. ಅದರ ನಡುವೆ ಮನುಷ್ಯನನ್ನು ಎಲ್ಲಿ ಕೂಡಿಸುವುದು ಎಂಬುದೇ ಚಿಂತೆ.

ಇದಕ್ಕೆ ಆಧಾರವೇನು ಎಂದು ಪೂರ್ವಪಕ್ಷದವರು ಕೇಳಬಹುದು. ಆಧಾರ ಸೋಮವಾರ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ಅದೂ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಅರ್ಜಿ ಬರೆದು, ಸಭೆ ಸೇರಿಸಿ, ಬೆವರು ಸುರಿಸಿದ ಮೇಲೆ. ನಮ್ಮ ಎತ್ತು ಒಂದೂ ಅರ್ಜಿ ಬರೆಯದೆ ವಾರದ ರಜೆ ಗಿಟ್ಟಿಸಿಕೊಂಡಿದೆ. ಎತ್ತನ್ನು ದಡ್ಡತನಕ್ಕೆ ಉಪಮೆಯಾಗಿ ಬಳಸುವ ಮೇಷ್ಟರು ಈ ಅಂಶವನ್ನು ಗಮನಿಸಬೇಕು.

ವಾರ್ಷಿಕ ರಜೆಯ ಮಾತು ಬಂದರೆ ಸರ್ಕಾರದ ಪಟ್ಟಿಯಲ್ಲಿ ಬಸವ ಜಯಂತಿಯಿದೆ, ಬಲಿಪಾಡ್ಯಮಿಯಿದೆ, ಎತ್ತಿನ ಹಬ್ಬವಾದ ಕಾರ ಹುಣ್ಣಿಮೆ ಇಲ್ಲ. ಎತ್ತು ಸರ್ಕಾರಿ ನೌಕರಿಯಲ್ಲಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವೆಂದು ಪ್ರಬಂಧಕಾರನ ಊಹೆ. ಬಸವ ಜಯಂತಿಯ ವಿಷಯದಲ್ಲಿ ಮಾತ್ರ ಒಂದು ಶಾಸ್ತ್ರಾರ್ಥವಿದೆ. ಬಸವ ಎಂದರೆ ವೃಷಭ. ಶರಣ ಬಸವಣ್ಣ ಮಾದಲಾಂಬಿಕೆ ನಂದಿಗೆ ಹರಕೆ ಹೊತ್ತು ಹಡೆದ ಮಗ ಎಂಬುದು ಬಾಗೇವಾಡಿಯ ನಂಬಿಕೆ, ಅಲ್ಲಿನ ಗುಡಿಯ ದೇವರು ಮೂಲನಂದೀಶ್ವರ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿಸಿದರು. ನಮ್ಮ ಕಡೆಯ ಹಳ್ಳಿಗಳು ಆ ದಿನ ಫೋಟೋವನ್ನೂ ಮೆರೆಸುತ್ತವೆ, ಎತ್ತನ್ನೂ ಸಿಂಗರಿಸಿ ಮೆರೆಸುತ್ತವೆ. ಶರಣನ ಜಯಂತಿ, ಎತ್ತಿನ ಜಯಂತಿ ಎಂದು ಎರಡು ಖಾತೆ ತೆರೆಯುವ ಗೋಜಿಗೆ ಯಾರೂ ಹೋಗಿಲ್ಲ.

ಇನ್ನು ವರ್ಗೀಕರಣ. ಹಬ್ಬದಲ್ಲಿ ಪಾಲ್ಗೊಳ್ಳುವ ಪ್ರಾಣಿಗಳು ಎರಡು ಬಗೆ: ಉಣ್ಣಲು ಬರುವವು, ಊಟಕ್ಕೆ ಆಗುವವು. ಎರಡನೆಯ ವರ್ಗದ ಹೋತಕ್ಕೆ ಮಕ್ಕಳು ಹೆಸರಿಡಬಾರದೆಂದು ಬಕ್ರೀದಿನ ಮನೆಗಳಲ್ಲೂ ದ್ಯಾಮವ್ವನ ಜಾತ್ರೆಯ ಮನೆಗಳಲ್ಲೂ ಹಿರಿಯರು ಒಂದೇ ಮಾತು ಹೇಳುತ್ತಾರೆ. ಮಕ್ಕಳು ಎರಡೂ ಕಡೆ ಹೆಸರಿಡುತ್ತವೆ, ಎರಡೂ ಕಡೆ ಆ ದಿನ ಉಣ್ಣಲು ಕರೆದರೆ ಮಾಳಿಗೆ ಮೇಲೆ ಅಡಗಿರುತ್ತವೆ. ನಾಗರ ಪಂಚಮಿಯ ಹಾವು ಯಾವ ವರ್ಗಕ್ಕೂ ಸೇರದು. ಅದು ಹಾಲು ಕುಡಿಯುವುದಿಲ್ಲ, ಉಂಡಿ ತಿನ್ನುವುದಿಲ್ಲ, ಹಬ್ಬಕ್ಕೆ ಬಾರದಿದ್ದರೇ ಎಲ್ಲರಿಗೂ ಸಂತೋಷ. ಬೆಕ್ಕಿನ ಬಗ್ಗೆ ಪ್ರಬಂಧಕಾರನಿಗೆ ಅಭಿಪ್ರಾಯವಿಲ್ಲ. ಪ್ರಬಂಧಕಾರನ ಬಗ್ಗೆ ಬೆಕ್ಕಿಗೆ ಇದೆ.

ಕ್ಷೇತ್ರಕಾರ್ಯವನ್ನು ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸೋದರಮಾವನ ಮನೆಯಲ್ಲಿ ಕೈಗೊಳ್ಳಲಾಯಿತು. ವಕ್ತೃಗಳ ವಿವರ ಜಾನಪದ ಸಂಶೋಧನೆಯ ರೂಢಿಯಂತೆ ಹೀಗಿದೆ. ಒಂದನೆಯ ವಕ್ತೃ ಬಾಜೂ ಮನೆಯ ಎತ್ತು. ಜಾತಿ ಖಿಲಾರಿ, ವಯಸ್ಸು ಆರು ಹಲ್ಲು, ವೃತ್ತಿ ಬೇಸಾಯ. ಎರಡನೆಯ ವಕ್ತೃ ಬ್ರೂನೋ. ಜಾತಿ ಲ್ಯಾಬ್ರಡಾರ್, ಬಣ್ಣ ಹಳದಿ, ವಯಸ್ಸು ಮೂರು ವರ್ಷ, ವೃತ್ತಿಯ ಕಾಲಂ ಖಾಲಿ. ಈತ ಮಾವನ ಮಗನ ಜೊತೆ ಬೆಂಗಳೂರಿನಿಂದ ಕಾರಿನಲ್ಲಿ ಬಂದವ. ಮಗನಿಗೆ ರಜೆಯಿರಲಿಲ್ಲ, ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಆಫೀಸಿಗೆ ಹೇಳಿ ಬಂದಿದ್ದ. ಆಫೀಸಿನವರು ಯಾವ ಮನೆಯೆಂದು ಕೇಳಿರಲಿಲ್ಲ. ಮೂರನೆಯ ವಕ್ತೃ ಮಾವ. ಎರಡು ವರ್ಷದ ಹಿಂದೆ ತಮ್ಮ ಜೋಡೆತ್ತು ಮಾರಿ ಟ್ರ್ಯಾಕ್ಟರ್ ತಂದವರು, ಆ ವಿಷಯ ಎತ್ತಿದರೆ ಎದ್ದು ಹೊರಗೆ ಹೋಗುವವರು.

ಕಾರಿನಿಂದ ಇಳಿದ ಬ್ರೂನೋನನ್ನು ಮಾವ ಬಾಲದಿಂದ ಮೂಗಿನವರೆಗೆ ನೋಡಿದರು. ಸಂತೆಯಲ್ಲಿ ಎತ್ತು ನೋಡುವ ರೂಢಿ, ಕೈ ತಂತಾನೇ ಬಾಯಿ ತೆರೆದು ಹಲ್ಲು ಎಣಿಸಲು ಹೋಯಿತು. ನಂತರ ನಡೆದ ಸಂವಾದವನ್ನು ಯಥಾವತ್ ದಾಖಲಿಸಲಾಗಿದೆ.

"ಇದು ಏನ್ ಕೆಲಸ ಮಾಡ್ತೈತಿ?"

"ಏನೂ ಮಾಡಂಗಿಲ್ಲಪ್ಪ. ಮನ್ಯಾಗ ಇರ್ತೈತಿ."

"ಬ್ಯಾಟಿ?"

"ಇಲ್ಲ."

"ಕಾವಲ?"

"ಕಳ್ಳ ಬಂದ್ರೂ ಬಾಲ ಅಲಗಾಡಸ್ತೈತಿ."

"ಮತ್ತ ಇದಕ್ಯಾಕೋ ಹಬ್ಬ? ದಿನಾ ಹಬ್ಬನ ಐತಲ್ಲ!"

ಸಾಕುಪ್ರಾಣಿ ಎಂಬ ಪದಕ್ಕೆ ಈ ಪ್ರದೇಶದಲ್ಲಿ ಇದಕ್ಕಿಂತ ಖಚಿತವಾದ ವ್ಯಾಖ್ಯೆ ಪ್ರಬಂಧಕಾರನಿಗೆ ದೊರೆತಿಲ್ಲ. ದುಡಿದದ್ದಕ್ಕೆ ರಜೆ. ದುಡಿಯದವನಿಗೆ ರಜೆ ಕೊಡುವುದಾದರೂ ಯಾವುದರಿಂದ? ಹಾಗೆಂದು ಮಾವನಿಗೆ ನಾಯಿದ್ವೇಷವೆಂದು ತಿಳಿಯಬಾರದು. ಅವರು ಮುಧೋಳ ನಾಯಿಯ ಪಕ್ಷಪಾತಿ. 1997ರ ಆಗಸ್ಟ್ 15ರಂದು ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಮುಧೋಳ ನಮ್ಮದೇ ಬಿಜಾಪುರ ಜಿಲ್ಲೆಯಲ್ಲಿತ್ತು. ನಾಯಿ ಆ ಕಡೆ ಹೋಯಿತೆಂಬ ಸಂಕಟ ಅವರಿಗೆ ಇನ್ನೂ ಇದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ನಾಯಿ, 2005ರಲ್ಲಿ ಅಂಚೆಚೀಟಿ ಮೇಲೆ ಬಂದ ನಾಯಿ. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಮೊಲದ ಹಿಂದೆ ಗಾಳಿಯಂತೆ ಹೋಗುತ್ತದೆ. ಬ್ರೂನೋ ಆದರೋ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳ ಕುಲದವ. ತಣ್ಣೀರಿಗೆ ಹಾರಲೆಂದು ದೇವರು ಎರಡು ಪದರ ಕೂದಲು ಹೊದಿಸಿ ಕಳಿಸಿದ್ದಾನೆ. ಮಳೆ ಹನಿಯದ ಜೂನ್ ತಿಂಗಳಲ್ಲಿ, ಭೀಮೆಯ ದಂಡೆಯಲ್ಲಿ, ಆ ಕಂಬಳಿ ಹೊದ್ದುಕೊಂಡು ಆತ ಬಚ್ಚಲ ಮೋರಿಯ ಹಸಿ ಮಣ್ಣಿನಲ್ಲಿ ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟ. ಅತ್ತೆ ಒಂದು ಗೋಣಿಚೀಲ ನೆನೆಸಿ ಮೇಲೆ ಹಾಕಿದರು. ಮಧ್ಯಾಹ್ನದವರೆಗೆ ಅದು ನಾಯಿಯೋ ಜೋಳದ ಚೀಲವೋ ಎಂದು ಬಂದವರೆಲ್ಲ ಕಾಲಿನಿಂದ ಮುಟ್ಟಿ ನೋಡಿದರು.

ಕಾರ ಹುಣ್ಣಿಮೆಯ ಮುನ್ನಾದಿನ ಹೊನ್ನುಗ್ಗಿ. ಬಾಜೂ ಮನೆಯವರು ಎತ್ತಿನ ಮೈ ತೊಳೆದು, ಕೋಡು ಹೆರೆದು, ಹುಗ್ಗಿ ಇಟ್ಟರು. ಆಮೇಲೆ ಬಿದಿರಿನ ಗೊಟ್ಟ ಬಂತು. ಒಬ್ಬ ಮೂಗುದಾಣ ಮೇಲೆತ್ತಿ ಹಿಡಿಯಬೇಕು, ಇನ್ನೊಬ್ಬ ದವಡೆಯ ಸಂದಿಯಲ್ಲಿ ಗೊಟ್ಟ ತೂರಿಸಿ ಎಣ್ಣೆ, ಅರಿಸಿನ, ಮೊಟ್ಟೆ ಕಲಸಿದ್ದನ್ನು ಹೊಯ್ಯಬೇಕು. ಅರ್ಧ ಎತ್ತಿನ ಹೊಟ್ಟೆಗೆ, ಅರ್ಧ ಹೊಯ್ಯುವವನ ಅಂಗಿಗೆ. ಗೊಟ್ಟ ಕಂಡದ್ದೇ ಬ್ರೂನೋ ಗೋಣಿಚೀಲ ಸಮೇತ ಎದ್ದು ಕಾರಿನ ಕೆಳಗೆ ಸೇರಿದ. ನಗರದ ದವಾಖಾನೆಯಲ್ಲಿ ಹುಳದ ಔಷಧಿ ಕುಡಿದ ನೆನಪು ಇದ್ದೀತು.

ಇಲ್ಲಿ ಚಿಂತೆಯ ಪ್ರಕರಣವನ್ನು ಚರ್ಚಿಸಬೇಕು. ಎತ್ತಿನ ಹೊಟ್ಟೆಗೆ ನಾಲ್ಕು ಕೋಣೆ, ಮೊದಲ ಕೋಣೆಯೇ ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅದರೊಳಗೆ ಹುಲ್ಲು ಕರಗಿಸುವ ಕಣ್ಣಿಗೆ ಕಾಣದ ಜೀವಿಗಳ ಒಂದು ಊರೇ ಇದೆ. ವರ್ಷವಿಡೀ ಕಣಿಕೆ ಹಾಕಿ ಹಬ್ಬದ ದಿನ ಒಮ್ಮೆಲೇ ಹುಗ್ಗಿ, ಬೆಲ್ಲ, ಹೋಳಿಗೆ ಸುರಿದರೆ ಆ ಊರಿನಲ್ಲಿ ದಂಗೆ ಏಳುತ್ತದೆ. ಹಿಟ್ಟು ಬೇಗ ಹುಳಿಯುತ್ತದೆ, ಆಮ್ಲ ಏರುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಹಬ್ಬದ ಮರುದಿನ ದನದ ಡಾಕ್ಟರು ಮನೆಯಲ್ಲಿ ಉಣ್ಣಲು ಕೂತಿದ್ದಾರೆಂದರೆ ಅದು ಅವರ ಭಾಗ್ಯ. ನಾಯಿಯ ಲೆಕ್ಕ ಬೇರೆ. ಹೋಳಿಗೆಗಿಂತ ಅದರ ಜೊತೆ ಬರುವ ಉಳ್ಳಾಗಡ್ಡಿ, ಒಣದ್ರಾಕ್ಷಿ, ಚಾಕಲೇಟು ಅದಕ್ಕೆ ವಿಷ. ನಮ್ಮದು ದ್ರಾಕ್ಷಿ ಬೆಳೆಯುವ ಜಿಲ್ಲೆ, ಬಂದವರ ಕೈಗೆಲ್ಲ ಒಂದು ಹಿಡಿ ಮಣೂಕ ಸುರಿಯುವುದು ಮರ್ಯಾದೆ. ನಾಯಿಗೆ ಆ ಮರ್ಯಾದೆ ಬೇಡವೆಂದು ಊರಿಗೆ ವಿವರಿಸುವುದರಲ್ಲಿ ಮಗನ ಅರ್ಧ ದಿನ ಹೋಯಿತು. ದೀಪಾವಳಿಯಲ್ಲಾದರೆ ಪಟಾಕಿಯ ಸಂಕಟ. ಸುಪ್ರೀಂ ಕೋರ್ಟು 2018ರಲ್ಲಿ ರಾತ್ರಿ 8ರಿಂದ 10 ಎಂದು ಗಂಟೆ ಕಟ್ಟಿತು. ನಮ್ಮ ಕಡೆ ಗಡಿಯಾರ ಸ್ವಲ್ಪ ಹಿಂದೆ ಮುಂದೆ.

ಹುಣ್ಣಿಮೆಯ ಸಂಜೆ ಕರಿ ಹರಿಯುವುದು. ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಎತ್ತುಗಳನ್ನು ಓಡಿಸುತ್ತಾರೆ. ಕೆಂದೆತ್ತು ಮೊದಲು ಹರಿದರೆ ಮುಂಗಾರಿ ಬೆಳೆ ಚಲೋ, ಬಿಳಿ ಎತ್ತು ಹರಿದರೆ ಹಿಂಗಾರಿ ಚಲೋ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಪ್ರಯೋಗದಲ್ಲಿ ಒಂದು ದೋಷವಿದೆ. ಓಟಕ್ಕೆ ಬಂದ ಎತ್ತುಗಳೆಲ್ಲ ಖಿಲಾರಿ, ಖಿಲಾರಿಗಳೆಲ್ಲ ಬಿಳಿ. ಹಿಂಗಾರಿ ಸೋಲುವ ದಾರಿಯೇ ಇಲ್ಲ. ಆದರೆ ಈ ಎರೆಭೂಮಿ ಮೊದಲಿನಿಂದಲೂ ಹಿಂಗಾರಿ ಜೋಳದ್ದು, ಆದ್ದರಿಂದ ತಪ್ಪು ವಿಧಾನದಿಂದ ಸರಿ ಉತ್ತರ ಬರುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಇದರ ತಿರುಗುಮುರುಗು ನಡೆಯುವುದನ್ನು ಪ್ರಬಂಧಕಾರ ಕಂಡಿದ್ದಾನೆ. ಎತ್ತು ಓಡಿಸುವುದು ಹಿಂಸೆಯೋ ಹಬ್ಬವೋ ಎಂಬ ವಾದ ದಿಲ್ಲಿಯವರೆಗೂ ಹೋಗಿದೆ: ಜಲ್ಲಿಕಟ್ಟು, ಬಂಡಿ ಓಟಗಳಿಗೆ 2014ರಲ್ಲಿ ಬೇಡವೆಂದ ಸುಪ್ರೀಂ ಕೋರ್ಟು, ಕರ್ನಾಟಕ 2017ರಲ್ಲಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಮಾಡಿಕೊಂಡ ತಿದ್ದುಪಡಿಯನ್ನು 2023ರಲ್ಲಿ ಎತ್ತಿಹಿಡಿಯಿತು. ಬಾರುಕೋಲು ಬೀಸುವವರನ್ನು ಕಂಡಾಗ ಪ್ರಬಂಧಕಾರ ಮೊದಲ ತೀರ್ಪಿನ ಕಡೆ, ಎತ್ತು ತಾನೇ ಬಾಲ ಎತ್ತಿ ಹಾರಿ ಬಂದಾಗ ಎರಡನೆಯದರ ಕಡೆ.

ಆ ಸಂಜೆ ಹಲಿಗೆ ಬಡಿಯತೊಡಗಿತು. ಧೂಳೆದ್ದಿತು. ಎತ್ತುಗಳು ಇನ್ನೂ ಹನುಮಪ್ಪನ ಗುಡಿ ದಾಟಿರಲಿಲ್ಲ. ಹಲಿಗೆಯ ಸಪ್ಪಳಕ್ಕೆ ಬೆದರಿದ ಬ್ರೂನೋ ಮಗನ ಕೈಯಿಂದ ಹಗ್ಗ ಕಿತ್ತುಕೊಂಡು, ಕೊರಳ ಪಟ್ಟಿ ಸಮೇತ, ಅಗಸಿಯ ಕಡೆ ಓಟ ಕಿತ್ತ. ಬೇವಿನ ಹಗ್ಗದ ಜೋತುಬಿದ್ದ ತುದಿ ಅವನ ಕೊರಳಿಗೆ ಸಿಕ್ಕಿತು. ಹಗ್ಗ ಹರಿಯಿತು.

ಹಲಿಗೆ ನಿಂತಿತು. ಅಗಸಿ ಕಟ್ಟೆಯ ಹಿರಿಯರಲ್ಲಿ ವ್ಯಾಖ್ಯಾನಭೇದ ಹುಟ್ಟಿತು. ನಾಯಿ ಹರಿದದ್ದು ಕರಿಯೇ ಅಲ್ಲ ಎಂದರು ಒಬ್ಬರು. ಹಗ್ಗ ಹರಿದ ಮೇಲೆ ಯಾರು ಹರಿದರೇನು, ಬಣ್ಣ ಹೇಳಿರಿ ಎಂದರು ಇನ್ನೊಬ್ಬರು. ಕೆಂಪೆಂದರೆ ಕೆಂಪಲ್ಲ, ಬಿಳಿಯೆಂದರೆ ಬಿಳಿಯಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯರು, ಕಣ್ಣಿಗೆ ಕೈ ಅಡ್ಡ ಹಿಡಿದು, ಕೊರಳಲ್ಲಿ ಬೇವಿನ ಸೊಪ್ಪು ಜೋತಾಡಿಸಿಕೊಂಡು ಏದುಸಿರು ಬಿಡುತ್ತಿದ್ದ ಬ್ರೂನೋನನ್ನು ಬಹಳ ಹೊತ್ತು ನೋಡಿ ನಿರ್ಣಯ ಕೊಟ್ಟರು: "ಬ್ಯಾಳಿ ಬಣ್ಣ ಐತಿ. ಈ ವರ್ಷ ತೊಗರಿ."

ಮನೆಗೆ ಬಂದಾಗ ಮಾವ ಟ್ರ್ಯಾಕ್ಟರಿಗೆ ಬಾಸಿಂಗ ಕಟ್ಟಿ ಮುಗಿಸಿದ್ದರು. ಬಾನೆಟ್ಟಿನ ಮೇಲೆ ವಿಭೂತಿ, ಸ್ಟೇರಿಂಗಿಗೆ ಹಳೆಯ ಗೆಜ್ಜೆಸರ. ಅದು ಎತ್ತಿನದು, ಮಾರುವಾಗ ಬಿಚ್ಚಿ ಇಟ್ಟುಕೊಂಡದ್ದು. ಅತ್ತೆ ರೂಢಿಯಂತೆ ಐದು ಹೋಳಿಗೆ, ಒಂದು ಬುಟ್ಟಿ ಹುಗ್ಗಿ ತಂದು ಕೊಟ್ಟಿಗೆಯ ಬಾಗಿಲಲ್ಲಿಟ್ಟು ಒಳಗೆ ಹೋದರು. ಮಾವ ಬುಟ್ಟಿ ಎತ್ತಿಕೊಂಡು ಟ್ರ್ಯಾಕ್ಟರಿನ ಮುಂದೆ ನಿಂತರು. ಗ್ವಾದಲಿಯ ಕಡೆ ನೋಡಿದರು. ಎರಡು ವರ್ಷದಿಂದ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಇಂಥ ಹೊತ್ತಿನಲ್ಲಿ ಕ್ಷೇತ್ರಕಾರ್ಯಕರ್ತ ಪ್ರಶ್ನೆ ಕೇಳಬಾರದೆಂದು ಯಾವ ಕೈಪಿಡಿಯೂ ಹೇಳುವುದಿಲ್ಲ, ಆದರೂ ಕೇಳಲಿಲ್ಲ. ಬ್ರೂನೋ ಬಂದು ಅವರ ಮೊಣಕಾಲಿಗೆ ಮೂಗು ಒತ್ತಿದ.

"ಕರಿ ಹರದೀ ಮಗನ," ಅಂದರು ಮಾವ. "ಅಷ್ಟ ಕೆಲಸ ಆತು."

ರಾತ್ರಿ ಹನ್ನೊಂದಕ್ಕೆ ನಾಯಿಯ ಹೊಟ್ಟೆ ನಗಾರಿಯಾಗಿತ್ತು. ಮಗ ಫೋನಿನಲ್ಲಿ ದನದ ಡಾಕ್ಟರನ್ನು ಎಬ್ಬಿಸಿದ. ಏನು ತಿಂದಿದೆ ಎಂದು ಅವರು ಕೇಳಿದ್ದು ಅಂಗಳದಲ್ಲೆಲ್ಲ ಕೇಳಿಸಿತು. ಮಗ ಅಪ್ಪನ ಮುಖ ನೋಡಿದ. ಮಾವ ಫೋನ್ ಇಸಿದುಕೊಂಡರು.

"ಎತ್ತಿನ ಪಾಲ ತಿಂದೈತ್ರಿ," ಅಂದರು. "ಜೋಡೆತ್ತಿಂದು."